ಹನ್ನೆರಡನೆಯ ಗುಂಡಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಹೊಲಿಗೆ ಮಷೀನಿನ ಮುಂದೆ ಗಂಟೆಗಟ್ಟಲೆ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ಇಲ್ಲಿ ನಾನು ನಿದ್ದೆಯ ಮುಖ ಕಂಡು ಎರಡು ದಿನವಾಯಿತು. ನಿನ್ನ ಮೊಮ್ಮಗ ಸಾಹೇಬರಿಗೆ ಹಲ್ಲು ಬರುತ್ತಿದೆ. ಜೊಲ್ಲು ಸುರಿದು ಗಲ್ಲವೆಲ್ಲ ಕೆಂಪು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ, ಎತ್ತಿಕೊಂಡರೂ ರಗಳೆ, ಇಳಿಸಿದರೂ ರಗಳೆ.

ಅಂಗಿಯ ಜೊತೆ ನೀನು ಕಳಿಸಿದ್ದ ಮರದ ಗುಂಡಿಗಳ ಸರವನ್ನು ಕಚ್ಚಲೆಂದು ಕೊಟ್ಟಿದ್ದೆ. ಮಂಗಳವಾರ ಬೆಳಿಗ್ಗೆ ಒಲೆಯಿಂದ ಹಾಲು ಇಳಿಸಿ ಬರುವಷ್ಟರಲ್ಲಿ ದಾರ ಕಿತ್ತುಹೋಗಿತ್ತು. ಚಾಪೆಯ ತುಂಬ ಗುಂಡಿ. ಇವನು ಒಮ್ಮೆ ಕೆಮ್ಮಿದ. ಬಾಯೊಳಗೆ ಬೆರಳು ಹಾಕಿದರೆ ಚುರುಕ್ಕನೆ ಕಚ್ಚಿದ. ಗುಂಡಿ ಇರಲಿಲ್ಲ, ಹಲ್ಲಿತ್ತು! ಮೊದಲ ಹಲ್ಲಿಗೆ ಹಿಗ್ಗಬೇಕಾದವಳು ನೆಲದಲ್ಲಿ ಕೂತು ಗುಂಡಿ ಎಣಿಸಿದೆ. ಹನ್ನೊಂದು. ಅಂಗಿಯ ಜೊತೆ ಇಟ್ಟಿದ್ದ ನಿನ್ನ ಚೀಟಿಯಲ್ಲಿ ‘ಗುಂಡಿ ಹನ್ನೆರಡು’ ಎಂದಿತ್ತಲ್ಲ!

ಡಾಕ್ಟರು ಎದೆ, ಹೊಟ್ಟೆ ಎಲ್ಲ ನೋಡಿದರು. “ಉಸಿರಾಟ ಸರಿಯಾಗಿದೆ. ಮರ ಎಕ್ಸ್‌ರೇಯಲ್ಲಿ ಕಾಣೋದು ಕಷ್ಟ. ನುಂಗಿದ್ದರೆ ಹೊರಗೆ ಬರುತ್ತೆ, ನೋಡ್ತಾ ಇರಿ. ಮತ್ತೆ ಕೆಮ್ಮಿದ್ರೆ ಓಡಿ ಬನ್ನಿ. ಒಸಡಿಗೆ ತಣ್ಣನೆ ಒದ್ದೆ ಬಟ್ಟೆ ಸಾಕು,” ಎಂದರು. ಆಮೇಲೆ, “ಇದನ್ನ ಪೋಣಿಸಿದ ಮಹಾತಾಯಿ ಯಾರು?” ಅತ್ತೆ ಪಕ್ಕದಲ್ಲೇ ನಿಂತಿದ್ದರು. “ನಾನೇ” ಎಂದುಬಿಟ್ಟೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ.

ಅಂದಿನಿಂದ ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದು ಲಂಗೋಟಿಯನ್ನೂ ಕಡ್ಡಿಯಿಂದ ಕೆದಕಿ ನೋಡುತ್ತಿದ್ದಾರೆ. ಒಂದು ಮಾತೂ ಬೈದಿಲ್ಲ, ನನಗೆ ಅದೇ ಹೆಚ್ಚು ಭಯ. ಇವನು ಸೀನಿದರೂ ಇಬ್ಬರೂ ಓಡುತ್ತೇವೆ.

ಅಮ್ಮಾ, ನಿಜವಾಗಿ ಹನ್ನೆರಡು ಪೋಣಿಸಿದ್ದೆಯಾ? ಫೋನಿನಲ್ಲಿ ಕೇಳೋಣವೆಂದರೆ ನಿನ್ನ ಕಿವಿಗೆ ಕಿರುಚಬೇಕು, ಕಿರುಚಿದರೆ ಅತ್ತೆಗೂ ಕೇಳಿಸುತ್ತದೆ. ಅಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಉತ್ತರವನ್ನೂ ಅವನ ಕೈಯಲ್ಲೇ ಕೊಡು. ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ
ದಾರದುಂಡೆ

ತಾ.ಕ.: ಅಣ್ಣ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಜೊಲ್ಲಾದ ಅಂಗಿಯನ್ನು ಈಗಷ್ಟೇ ಒಗೆಯಲು ತಿರುವಿದೆ. ಒಳಹೊಲಿಗೆಯ ಪಕ್ಕದಲ್ಲಿ ಭದ್ರವಾಗಿ ಕೂತಿದೆ, ಅದೇ ಮರದ ಹನ್ನೆರಡನೆಯ ಗುಂಡಿ! ಹೊಲಿದ ಪ್ರತಿ ಅಂಗಿಯೊಳಗೂ ಒಂದು ಹೆಚ್ಚಿನ ಗುಂಡಿ ಇಡುವವಳು ನೀನು. ಚೀಟಿಯ ಹನ್ನೆರಡರಲ್ಲಿ ಅದೂ ಸೇರಿದೆಯೆಂದು ನಿನ್ನ ಮಷೀನಿನ ಕೆಳಗೇ ಆಡಿ ಬೆಳೆದ ನನಗೆ ಹೊಳೆಯಲಿಲ್ಲ. ನೀನು ಹೊಲಿದ ಅಂಗಿಯಲ್ಲಿ ಇದನ್ನು ತೋರಿಸಿದರೆ ಸರ ಯಾರು ಕಟ್ಟಿದ್ದೆಂದು ಅತ್ತೆಗೆ ಗೊತ್ತಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡ ಅಮ್ಮಾ, ತೋರಿಸುತ್ತೇನೆ. ಎರಡು ದಿನದಿಂದ ಅವರೂ ಮಲಗಿಲ್ಲ. ಅಂಗಿ ಎಷ್ಟು ಬೇಕಾದರೂ ಹೊಲಿ, ಸರ ಮಾತ್ರ ಇನ್ನು ಬೇಡ.