ಕೂಸಿಗೆ ಎರೆಯುವ ಕೈ

ಮುಳಗುಂದ
ಸೋಮವಾರ ಮುಂಜಾನೆ

ಚಿ. ಸೌ. ವಾಣಿಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ, ಬರೆದಿದ್ದೇನೆ. ಈಗ ವಿಷಯಕ್ಕೆ ಬರುತ್ತೇನೆ. ನೀನು ಫೋನು ಮಾಡುವುದು, ನಾನು ಎತ್ತದಿರುವುದು, ನೀನು ಮುನಿಸಿಕೊಳ್ಳುವುದು, ಇದು ಸಾಕು. ಅವ್ವನಿಗೆ ಸಿಟ್ಟು ಎಂದುಕೊಂಡಿದ್ದೀಯ. ಸಿಟ್ಟು ಇದೆ, ಆದರೆ ಫೋನು ಎತ್ತದಿರುವುದು ಅದಕ್ಕಲ್ಲ. ವಾರದಿಂದ ನನ್ನ ಎರಡೂ ಕಿವಿಗಳಲ್ಲಿ ಹಿಟ್ಟಿನ ಗಿರಣಿ ನಡೆದಿದೆ. ನೀನು ಏನು ಹೇಳಿದರೂ ಗುಂಯ್ ಎಂದೇ ಕೇಳಿಸುತ್ತದೆ. ಗಾಳಿ ಹೊಕ್ಕಿರಬೇಕು, ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಿದ್ದೇನೆ. ಅದಕ್ಕೇ ಈ ಕಾಗದ. ಬೆಟಗೇರಿಯ ಖಾನಾವಳಿಗೆ ರೊಟ್ಟಿ ಒಯ್ಯುವ ನಿಮ್ಮ ಅಪ್ಪನ ಗಂಟಿನಲ್ಲಿ ಇಟ್ಟಿದ್ದೇನೆ.

ಸಿಟ್ಟಿನ ಮಾತಿಗೆ ಬರೋಣ. ನಿನ್ನ ಬಸುರಿನ ಕುಬಸದ ಶಾಸ್ತ್ರಕ್ಕೆ ದಿನ ಗೊತ್ತುಮಾಡಲು ನಾನು ಅಲ್ಲಿಗೆ ಬಂದಾಗ ನಿನ್ನ ಅತ್ತೆ ನನ್ನ ಕೈ ನೋಡಿದ ರೀತಿ ನೀನೂ ನೋಡಿದೆ. ಆದರೆ ನೀನು ಒಳಗೆ ಚಹಾ ಸೋಸುವಾಗ ಅವರು ಅಂದದ್ದು ನಿನಗೆ ಗೊತ್ತಿಲ್ಲ. "ಬೀಗತೇರ, ಹಡದ ಮ್ಯಾಲ ವಾಣಿ ನಮ್ಮಲ್ಲೇ ಇರಲಿ ಬಿಡ್ರಿ. ನಿಮ್ಮ ಕೈ ಹಿಂಗದಾವು, ಹಸಗೂಸಿಗೆ ಹೆಂಗ ಎರೀತೀರಿ?" ಎಂದರು. ಇದು ಸೋರಿಯಾಸಿಸ್ಸು, ಚಕ್ಕೆ ಏಳುತ್ತದೆ, ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಚಹಾ ಕುಡಿದು ಎದ್ದು ಬಂದೆ. ಈ ಓಣಿಯ ಅರ್ಧ ಮಕ್ಕಳಿಗೆ ಕಾಲು ಚಾಚಿ ಕೂತು ಎಣ್ಣೆ ತಿಕ್ಕಿ ನೀರು ಎರೆದವಳು ನಾನು. ನನ್ನ ಮಗಳ ಚೊಚ್ಚಲ ಕೂಸಿಗೆ ಮಾತ್ರ ನನ್ನ ಕೈ ಬೇಡವಾಯಿತೇ?

ಮರುದಿನವೇ ಗದಗಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಬೇರೆ ಏನಾದರೂ ರೋಗ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸೋತ ಕಿಡ್ನಿಯ ಕಥೆ ತೆಗೆದರೆ ರಕ್ತ ಕೊಡು, ಉಚ್ಚೆ ಕೊಡು ಎಂದು ಅಲೆಸಿ, ಕೊನೆಗೆ ಕೊಬ್ಬರಿ ಎಣ್ಣೆ ಬರೆದು ಕಳಿಸಿಯಾರು ಎಂಬ ಅಂಜಿಕೆ. ಬೈಯಬೇಡ. ಕಿಡ್ನಿಯ ಪಥ್ಯ ಒಂದೂ ಮುರಿದಿಲ್ಲ. ಉಪ್ಪು ಬಿಟ್ಟಿದ್ದೇನೆ, ನೀರು ಅಳೆದು ಕುಡಿಯುತ್ತೇನೆ. ಹಚ್ಚುವ ಔಷಧ ಹೊಟ್ಟೆಗೇನು ಹೋಗುತ್ತದೆ?

ಮೊಣಕೈಗೆ, ಮೊಣಕಾಲಿಗೆ ತೆಳ್ಳಗೆ ಹಚ್ಚು ಎಂದು ಮುಲಾಮು ಬರೆದುಕೊಟ್ಟರು. ತೆಳ್ಳಗೆ ಹಚ್ಚುತ್ತ ಕೂತರೆ ನಿನ್ನ ಕೂಸು ಶಾಲೆಗೆ ಹೋದ ಮೇಲೆ ವಾಸಿಯಾದೀತು. ಕೈ, ಬೆನ್ನು, ಹೊಟ್ಟೆ, ತೊಡೆ ಎಲ್ಲ ಕಡೆ ಬಳಿದುಕೊಳ್ಳುತ್ತಿದ್ದೇನೆ. ಹಿಟ್ಟಿಗೆ ತಾಗಬಾರದಲ್ಲ, ಅದಕ್ಕೆ ಮೇಲೆ ರೊಟ್ಟಿ ಕಟ್ಟುವ ಪ್ಲಾಸ್ಟಿಕ್ ಸುತ್ತಿ, ಉದ್ದ ತೋಳಿನ ರವಿಕೆ ತೊಡುತ್ತೇನೆ. ಮೈ ಬೆವರಿ ಔಷಧ ಚೆನ್ನಾಗಿ ಹಿಡಿಯುತ್ತದೆ. ಚಕ್ಕೆ ಉದುರಿ ಅಂಗೈ ಮೆತ್ತಗಾಗಿದೆ. ಕುಬಸದ ದಿನ ನಿನ್ನ ಅತ್ತೆಯ ಮುಂದೆ ಎರಡೂ ಕೈ ಚಾಚಿ ನಿಲ್ಲುತ್ತೇನೆ, ನೋಡು.

ಇಂತಿ ನಿನ್ನ ಅವ್ವ,
ಶೇಖವ್ವ

ತಾ.ಕ.: ಎರಡು ದಿನದಿಂದ ಊಟ ಸೇರುತ್ತಿಲ್ಲ, ವಾಂತಿ ಬಂದ ಹಾಗಾಗುತ್ತದೆ. ಒಲೆಯ ಮುಂದೆ ಕೂತಲ್ಲೇ ಏದುಸಿರು. ಸೆಕೆಗೆ ಇದ್ದೀತು. ನಿನ್ನ ಅತ್ತೆಗೆ ಹೇಳಬೇಡ.


ಬೆಟಗೇರಿ
ಸೋಮವಾರ ಮಧ್ಯಾಹ್ನ

ಅವ್ವ,

ನಮಸ್ಕಾರ ಆಮೇಲೆ. ಮೊದಲು ಒಳಗೆ ಹೋಗಿ ಆ ಪ್ಲಾಸ್ಟಿಕ್ ಬಿಚ್ಚು. ಬಿಚ್ಚಿ ಬಂದು ಮುಂದಿನದನ್ನು ಓದು.

ಈ ಕಾಗದ ತಂದವರು ನಿನ್ನ ಅಳಿಯ. ಬಾಗಿಲಲ್ಲಿ ಬಾಡಿಗೆ ಕಾರು ನಿಂತಿದೆ. ಅಳಿಯನೊಡನೆ ನೀನು ಎದುರಿಗೆ ನಿಂತು ಮಾತಾಡುವವಳಲ್ಲ, ಅವರು ಹೇಳಿದ್ದು ನಿನಗೆ ಕೇಳಿಸುವುದೂ ಇಲ್ಲ. ಅದಕ್ಕೇ ಬರೆದು ಕೊಟ್ಟಿದ್ದೇನೆ. ನಾನೇ ಬರುತ್ತಿದ್ದೆ, ಬಿ.ಪಿ. ಏರಿದೆ, ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹಾಸಿಗೆ ಹಿಡಿಸಿದ್ದಾರೆ.

ನಿನ್ನ ಕಾಗದವನ್ನು ಇವರು ನೇರ ನಿನ್ನ ಕಿಡ್ನಿ ಡಾಕ್ಟರಿಗೆ ಒಯ್ದು ತೋರಿಸಿದರು. ಡಾಕ್ಟರು ಓದುತ್ತ ಓದುತ್ತ ಎದ್ದೇ ನಿಂತರಂತೆ. "ಈಕೀನ ಈಗಿಂದೀಗ ಕರಕೊಂಡ ಬರ್ರಿ, ನಾಳಿ ಅನಬ್ಯಾಡ್ರಿ" ಅಂದರಂತೆ. ನಿನ್ನ ಕಿವಿಗೆ ಗಾಳಿ ಹೊಕ್ಕಿಲ್ಲ ಅವ್ವ, ಮುಲಾಮು ಹೊಕ್ಕಿದೆ. ಅದರಲ್ಲಿ ಚಕ್ಕೆ ಕರಗಿಸುವ ಒಂದು ಆಮ್ಲ ಇರುತ್ತದಂತೆ. ಚೂರು ಜಾಗಕ್ಕೆ ತೆಳ್ಳಗೆ ಹಚ್ಚಿದರೆ ಬಹಳಷ್ಟು ಚರ್ಮದಲ್ಲೇ ಉಳಿಯುತ್ತದೆ. ಮೈತುಂಬ ಬಳಿದು, ಮೇಲೆ ಗಾಳಿಯಾಡದಂತೆ ಸುತ್ತಿದರೆ ರಕ್ತಕ್ಕೆ ಇಳಿಯುತ್ತದೆ. ಇಳಿದದ್ದನ್ನು ಹೊರಗೆ ಹಾಕಬೇಕಾದದ್ದು ಕಿಡ್ನಿ. ನಿನ್ನ ಕಿಡ್ನಿಗೆ ಆ ಶಕ್ತಿ ಎಲ್ಲಿದೆ? ಕಿವಿಯ ಸದ್ದು, ವಾಂತಿ, ಏದುಸಿರು ಎಲ್ಲ ಅದರದ್ದೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನೀನೇ ಹೇಳುತ್ತಿದ್ದೆ. ಮೈಗೆ ಬಂದದ್ದು ರಕ್ತಕ್ಕೆ ಬಾರದಿರುತ್ತದೆಯೇ?

ಪಕ್ಕದ ಮಾಸುಮಬಿ ಚಾಚಿಯನ್ನು ಕರೆದು ಬೆನ್ನಿನ ಮುಲಾಮನ್ನೂ ಸೋಪು ಹಚ್ಚಿ ತೊಳೆಸಿಕೋ. ಟ್ಯೂಬು, ಚೀಟಿ, ನೀನು ನುಂಗುವ ಎಲ್ಲ ಗುಳಿಗೆ ಚೀಲದಲ್ಲಿ ಹಾಕಿಕೋ. ಒಲೆಯ ಮೇಲೆ ಹಂಚು ಇದ್ದರೆ ಇಳಿಸು, ಖಾನಾವಳಿಯವರು ಒಂದು ದಿನ ಅನ್ನ ಉಂಡರೆ ಸಾಯುವುದಿಲ್ಲ.

ನಿನ್ನ ಹಠ ನನಗೆ ಗೊತ್ತು. ಆಸ್ಪತ್ರೆಗೆ ಹೋದರೆ ಕುಬಸದ ಹೊತ್ತಿಗೆ ಬೀಗರಿಗೆಲ್ಲ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕುತ್ತಿರುತ್ತೀಯ. ಗೊತ್ತಾಗಿದೆ. ನಾನೇ ಹೇಳಿದೆ. ನಿನ್ನ ಕಾಗದವನ್ನು ಅತ್ತೆಯ ಮುಂದೆ ಜೋರಾಗಿ ಓದಿದೆ, ಅವರ ಮಾತನ್ನೂ ಬಿಡದೆ ಓದಿದೆ. ಈಗ ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು, ಆದರೆ ಕಾರಿನಲ್ಲಿ ಕೂತು ಸಿಟ್ಟಾಗು.

ನನಗೆ ಹೆದರಿಕೆಯಾಗಿದೆ ಅವ್ವ. ಮೆತ್ತನೆಯ ಕೈ ನನಗೆ ಬೇಡ, ನೀನು ಬೇಕು.

ನಿನ್ನ ಮಗಳು,
ವಾಣಿ

ತಾ.ಕ.: ನೀನು ಕಾರು ಹತ್ತಿದೆ ಎಂದು ಇವರು ಫೋನು ಮಾಡುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಡಾಕ್ಟರು ಮಲಗು ಎಂದಿದ್ದಾರೆ, ಮಲಗುವುದಿಲ್ಲ. ಹಠ ನಿನ್ನಿಂದಲೇ ಕಲಿತದ್ದು.


ಗದಗ, ಆಸ್ಪತ್ರೆ
ಶುಕ್ರವಾರ ಸಂಜೆ

ಚಿ. ಸೌ. ವಾಣಿಶ್ರೀಗೆ ಅವ್ವನ ಆಶೀರ್ವಾದ.

ಇನ್ನು ಮಲಗು. ನಾನು ಬದುಕಿದ್ದೇನೆ.

ಕಾರು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಯಂತ್ರಕ್ಕೆ ಹಾಕಿ ರಕ್ತ ತೊಳೆದರಂತೆ. ಕಣ್ಣು ಬಿಟ್ಟಾಗ ನಿಮ್ಮ ಅಪ್ಪ ಕಾಲ ಹತ್ತಿರ ಕೂತು ನನ್ನ ಹಿಮ್ಮಡಿ ಹಿಡಿದುಕೊಂಡಿದ್ದರು. ಮೂವತ್ತು ವರ್ಷದಲ್ಲಿ ನಾಲ್ಕು ಜನರ ಮುಂದೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಇಬ್ಬರೂ ಡಾಕ್ಟರು ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಆಮೇಲೆ ಚರ್ಮದ ಡಾಕ್ಟರು ತಾವೇ ಬಂದು, ನನಗೆ ಕೇಳಿಸಲೆಂದು ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: "ಕಿಡ್ನಿ ರೋಗ ಐತಿ ಅಂತ ಒಂದು ಮಾತು ಹೇಳಿದ್ದರ ಈ ಮುಲಾಮು ನಾ ಬರೀತಿರಲೇ ಇಲ್ಲವ್ವಾ." ಅವರಿಗೆ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. ನನಗೆ ನಾಚಿಕೆಯಾಯಿತು. ಈಗ ಬೇರೆ ಮುಲಾಮು. ಹೇಳಿದಲ್ಲಿ ಮಾತ್ರ, ಹೇಳಿದಷ್ಟೇ, ಮೇಲೆ ಏನೂ ಸುತ್ತುವಂತಿಲ್ಲ. ಇನ್ನು ಮುಂದೆ ಯಾವ ಔಷಧವಾದರೂ ಸರಿ, ನುಂಗುವುದಿರಲಿ ಹಚ್ಚುವುದಿರಲಿ, ಮೊದಲು ಕಿಡ್ನಿ ಡಾಕ್ಟರಿಗೆ ತೋರಿಸಬೇಕು.

ಕೆಟ್ಟದ್ದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟರೆ ಏನಾಗುತ್ತದೆಂದು ಕಂಡಾಯಿತು. ಕಿಡ್ನಿ ಮೊದಲಿದ್ದಷ್ಟು ಕೆಲಸ ಮಾಡುತ್ತಿಲ್ಲ. ಸುಧಾರಿಸದಿದ್ದರೆ ಆ ಯಂತ್ರದ ಸಹವಾಸ ಬಿಡುವುದಿಲ್ಲವಂತೆ. ಕಿವಿ ಇನ್ನೂ ಬಂದಿಲ್ಲ. ಅಂಗೈಯಲ್ಲಿ ಚಕ್ಕೆ ಮತ್ತೆ ಏಳುತ್ತಿದೆ.

ಬಾಣಂತನ ಬೆಟಗೇರಿಯಲ್ಲೇ ಆಗಲಿ ವಾಣಿ. ನಿನ್ನ ಅತ್ತೆ ದಿನಾ ಬುತ್ತಿ ತರುತ್ತಾರೆ, ಉಪ್ಪಿಲ್ಲದ ಅಡಿಗೆ ಅವರೇ ಮಾಡಿದ್ದಂತೆ. ಹಾಸಿಗೆಯ ಪಕ್ಕ ಕೂತು ನೆಲ ನೋಡುತ್ತಾರೆ. ನಾನು ಗೋಡೆ ನೋಡುತ್ತೇನೆ. ಜಗಳಾಡಲು ನನಗೆ ತ್ರಾಣವಿಲ್ಲ. ಕೂಸು ಅತ್ತರೆ ಕೇಳಿಸದ ಮುದುಕಿ ಕೂಸಿಗೆ ಏನು ಎರೆದಾಳು? ಅವರೇ ಎರೆಯಲಿ. ಕುಬಸದ ಸೀರೆ ಟ್ರಂಕಿನಲ್ಲಿದೆ, ನಿಮ್ಮ ಅಪ್ಪ ತಂದುಕೊಡುತ್ತಾರೆ.

ಇಂತಿ,
ಶೇಖವ್ವ

ತಾ.ಕ.: ಮೇಲಿನದನ್ನು ನಿನ್ನೆ ಬರೆದು ತಲೆದಿಂಬಿನ ಕೆಳಗೆ ಇಟ್ಟಿದ್ದೆ. ಇವತ್ತು ಮುಂಜಾನೆ ಕಿವಿಯ ಗಿರಣಿ ನಿಂತಿದೆ. ಮೊದಲು ಕೇಳಿಸಿದ್ದು ನರ್ಸಬಾಯಿಯ ಚಪ್ಪಲಿ, ಆಮೇಲೆ ನಿನ್ನ ಅತ್ತೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡು ನನ್ನ ತಲೆಯ ಹತ್ತಿರವೇ ನಿಂತು ಅಳಿಯಂದಿರಿಗೆ ಹೇಳುತ್ತಿದ್ದರು: "ನಾ ಅಂದ ಒಂದು ಮಾತಿಗೆ ಹೆಣ್ಣಮಗಳು ಜೀವಾ ಕಳಕೊಳ್ತಿದ್ಲು ನೋಡು ಸಿದ್ದೂ. ಖರೆ ಹೇಳಬೇಕಂದ್ರ ನನಗ ಕೂಸಿಗೆ ಎರಿಯಾಕ ಬರಾಂಗಿಲ್ಲ. ನಿನಗ ನಮ್ಮವ್ವ ಎರದ್ಲು, ನಾ ಮುಟ್ಟಾಕ ಅಂಜತಿದ್ದೆ. ಆಕೀನೇ ಎರಿಬೇಕು. ಆದರ ಯಾವ ಬಾಯೀಲೆ ಕೇಳ್ಲಿ?" ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಈ ಕಾಗದ ಬುತ್ತಿಯ ಡಬ್ಬಿಯ ತಳದಲ್ಲಿದೆ, ಡಬ್ಬಿ ತೆಗೆದು ನೋಡುವವಳು ನೀನೇ ಎಂದು ಗೊತ್ತು. ಕಿವಿ ಬಂದದ್ದನ್ನು ನಿನ್ನ ಅತ್ತೆಗೆ ಹೇಳಬೇಡ. ಅದೇ ಮಾತನ್ನು ಅವರು ನನ್ನ ಮುಖ ನೋಡಿ ಹೇಳುವವರೆಗೆ ನಾನು ಕಿವುಡಿಯೇ. ಹೇಳದಿದ್ದರೂ ಚಿಂತೆಯಿಲ್ಲ, ಕೂಸಿಗೆ ಎರೆಯುವವಳು ನಾನೇ.