ಹನ್ನೆರಡು ಮಲ್ಲಿಗೆ ಗಿಡಗಳ ಲೆಕ್ಕ

ಬಿಜೈ, ಮಂಗಳೂರು
9-8-1963

ಚಿ. ಸ್ವರ್ಣಲತಾಳಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕಣ್ಣು ಮಂಜು, ಹಾಗಾಗಿ ತಡವಾಯಿತು ಎಂದು ಬರೆಯಬಹುದಿತ್ತು. ಕಣ್ಣು ಸರಿಯೇ ಉಂಟು, ಧೈರ್ಯ ಇರಲಿಲ್ಲ. ಇನ್ನು ಓದು ಸಾಕೆಂದು ಪುಸ್ತಕಗಳನ್ನೆಲ್ಲ ಲೈಬ್ರರಿಗೆ ಹಿಂದೆ ಕೊಟ್ಟೆ ಎಂದು ಬರೆದಿದ್ದೀ. ಅದನ್ನು ಓದಿದ ಮೇಲೆ ಗಂಜಿ ಸೇರುತ್ತಿಲ್ಲ.

ಎಂ.ಎ. ಮುಗಿಸಿ ಧಾರವಾಡದಲ್ಲಿ ಕೆಲಸ ಸಿಕ್ಕಿದ ಮೇಲೂ ನೀನು ಒಬ್ಬಳೇ ಕೂತು ಸಂಖ್ಯಾಶಾಸ್ತ್ರ ಕಲಿಯುತ್ತೀ ಎಂದಾಗ ನೆರೆಮನೆಯ ಒಲಿಂಡಾ, ಇನ್ನೂ ಎಂತ ಓದುವುದು ಎಂದು ನಕ್ಕಳು. ಎಂಟು ಮಕ್ಕಳ ಹೆಸರು ಅದಲುಬದಲು ಕರೆಯುವ ನಿನಗೆ ಲೆಕ್ಕದ ವಿಷಯ ಎಂತಕ್ಕೆ ಎಂದು ನಾನು ಅವಳಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ನೀನು ನನಗೆ ಹೇಳಿದ್ದು ಸಣ್ಣ ಕೆಲಸ. ಹಿತ್ತಿಲಿನ ಹನ್ನೆರಡು ಮಲ್ಲಿಗೆ ಗಿಡಗಳಲ್ಲಿ ಆರಕ್ಕೆ ಬೂತಾಯಿ ಮೀನಿನ ಗೊಬ್ಬರ, ಆರಕ್ಕೆ ಸೆಗಣಿ. ದಿನಾ ಮೊಗ್ಗು ಎಣಿಸಿ ವಾರಕ್ಕೊಂದು ಕಾರ್ಡು ಹಾಕಬೇಕು. ಎರಡು ವರ್ಷ ಹಾಕಿದೆ. ನೀನು ಕಲಿತದ್ದನ್ನೆಲ್ಲ ಆ ಅಂಕಿಗಳ ಮೇಲೆ ಹೂಡಿ, ಕಲ್ಕತ್ತೆಯ ಸಂಖ್ಯಾಶಾಸ್ತ್ರದ ಸಂಸ್ಥೆಯಲ್ಲಿ ಓದಲಿಕ್ಕೆ ಸೇರಿಸಿಕೊಂಡಾರು ಎಂದು ಅಲ್ಲಿನ ಪ್ರೊಫೆಸರರಿಗೆ ಕಳಿಸಿದೆ. ರಜೆಯಲ್ಲಿ ನೀನು ಇಲ್ಲಿಗೆ ಬಂದಿದ್ದಾಗ ಅವರ ಉತ್ತರ ಬಂತು, ನಿನ್ನ ಮಾವ ಅಣ್ಣು ಓದಿ ಹೇಳಿದ: ಮಳೆಗಾಲದಲ್ಲೂ ಯಾವ ಗಿಡಕ್ಕೂ ಒಂದು ದಿನವೂ ಸೊನ್ನೆ ಇಲ್ಲ, ಬೇಸಿಗೆಯಲ್ಲಿ ನಲವತ್ತು ದಾಟಿಲ್ಲ, ಇದು ಗಿಡ ಕೊಟ್ಟ ಲೆಕ್ಕವಲ್ಲ, ಮನುಷ್ಯರ ತಲೆಯಲ್ಲಿ ಹುಟ್ಟಿದ್ದು.

ಪ್ರೊಫೆಸರ್ ಜಾಣ. ಮಗಾ, ನಾನು ಎಣಿಸಿದ್ದು ನಿಜ, ಬರೆದದ್ದು ಸುಳ್ಳು. ಹೂ ಬಿಡುವ ಗಿಡದ ಪೂರ್ತಿ ಲೆಕ್ಕ ಹೊರಗೆ ಹೇಳಿದರೆ ದೃಷ್ಟಿ ತಾಗುತ್ತದೆಂದು ನನ್ನ ಅಮ್ಮ ಹೇಳುತ್ತಿದ್ದಳು. ಕಾರ್ಡನ್ನು ಪೋಸ್ಟಾಫೀಸಿನವರೆಲ್ಲ ಓದುತ್ತಾರೆ. ಹಾಗೆ ಎಪ್ಪತ್ತಿದ್ದಲ್ಲಿ ನಲವತ್ತು ಬರೆದೆ. ಬರಿಗಿಡಕ್ಕೆ 'ಇಲ್ಲ' ಎಂದರೆ ಅದು ಮತ್ತೆ ಹೂ ಬಿಡಲಿಕ್ಕಿಲ್ಲ ಎಂದು ಎರಡೋ ಮೂರೋ ಹಾಕಿದೆ. ನಿನ್ನ ವಿದ್ಯೆಗೆ ನನ್ನದೇ ದೃಷ್ಟಿ ತಾಗಿತು.

ಈ ಕಾಗದವನ್ನೇ ಪ್ರೊಫೆಸರರಿಗೆ ಕಳಿಸು. ಕನ್ನಡ ಬಾರದಿದ್ದರೆ ಯಾರಿಂದಲಾದರೂ ಓದಿಸಲಿ. ಪುಸ್ತಕಗಳನ್ನು ಪುನಃ ತಾ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ
ರತ್ನಾವತಿ

ತಾ.ಕ.: ಅಂದು ಜಗಲಿಯಲ್ಲಿ ಅಣ್ಣು, "ಇದು ನೀನೇ ಕೂತು ಬರೆದ ಕಳ್ಳ ಲೆಕ್ಕ ಅಲ್ವಾ?" ಎಂದು ಕೇಳಿದಾಗ ನೀನು ನನ್ನ ಕಡೆ ನೋಡಿದ್ದು ನನಗೆ ಗೊತ್ತಾಗಿತ್ತು. ಹೂ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. ಆಮೇಲೆ ನೀನು ಮೆಲ್ಲ, "ಹೌದು ಮಾವ, ನಾನೇ" ಎಂದೆ. ಆಗಲೂ ನಾನು ಕಟ್ಟುತ್ತಲೇ ಇದ್ದೆ.

ಇವತ್ತು ಬೆಳಿಗ್ಗೆ ಎಣಿಸಿದೆ. ಹನ್ನೆರಡು ಗಿಡಕ್ಕೂ ಸೊನ್ನೆ.