ಧಾರೆಗೆ ಮೊದಲು ಒಂದು ಲೋಟ ನೀರು

ಜಯನಗರ
ಬುಧವಾರ

ಚಿ. ಸಿಂಚನಾಗೆ ಸತ್ಯಭಾಮಾ ಅತ್ತೆಯ ಆಶೀರ್ವಾದ.

ಧಾರೆ ಸೀರೆಯ ಬ್ಲೌಸಿನ ಜೊತೆ ಈ ಪತ್ರ ಇಟ್ಟಿದ್ದೇನೆ. ಬ್ಲೌಸು ಬಿಗಿಯಾದರೆ ತಿಳಿಸು. ಮದುವೆಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಗಂಡಸರೂ ಇದ್ದಾರೆ, ಈಗ ಬರೆಯುತ್ತಿರುವುದು ಅಲ್ಲಿ ಹಾಕುವ ಮಾತಲ್ಲ.

ಮೊನ್ನೆ ಫೋರ್ತ್ ಬ್ಲಾಕಿನಲ್ಲಿ ಸೀರೆ ತೆಗೆಯುವಾಗ ನೀನು ಕಾಫಿ ಬೇಡವೆಂದೆ, ಮಜ್ಜಿಗೆಯೂ ಬೇಡವೆಂದೆ. "ಹುಡುಗೀಗೆ ತುಂಬಾ ಸಂಕೋಚ ಕಣೇ" ಅಂದರು ನಮ್ಮ ಮನೆಯವರು. ಅಷ್ಟು ಬಿಸಿಲಲ್ಲಿ ನೀರನ್ನೂ ಮುಟ್ಟದಿದ್ದಾಗ ನನಗೆ ಅರ್ಥವಾಯಿತು. ಅತ್ತೆಮಾವ ಆಗುವವರ ಮುಂದೆ ಬಾತ್‌ರೂಮ್ ಎಲ್ಲಿ ಎಂದು ಕೇಳುವುದು ಹೇಗೆ ಅಂತ ನಾನೂ ಬಾಯಿ ಒಣಗಿಸಿಕೊಂಡು ಕೂತವಳೇ.

ನನ್ನ ಮದುವೆಯ ದಿನ ಬೆಳಗಿನಿಂದ ಆರತಕ್ಷತೆ ಮುಗಿಯುವವರೆಗೂ ತಡೆದುಕೊಂಡೆ. ಗಂಡನ ಮನೆಗೆ ಬಂದ ಮರುದಿನವೇ ಉರಿಮೂತ್ರ, ಚಳಿಜ್ವರ. ದೃಷ್ಟಿಯಾಗಿದೆ ಎಂದು ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿದರು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ನೀರು ಚೆನ್ನಾಗಿ ಕುಡೀಬೇಕು, ಬಂದಾಗ ಹೋಗ್ಬೇಕು, ತಡ್ಕೋಬಾರ್ದಮ್ಮ" ಅಂದರು.

ಆದ್ದರಿಂದ ಸೀರೆ ಉಡಿಸುವವಳಿಗೆ ಪಿನ್ನು ಕಡಿಮೆ ಹಾಕಲು ಹೇಳು. ಧಾರೆಗೆ ಮೊದಲು ನೀರು ಕುಡಿ. "ಮುಹೂರ್ತ ಮೀರತ್ತೆ" ಎಂದು ಪುರೋಹಿತರು ಅವಸರ ಮಾಡಿದರೂ ಹೆದರಬೇಡ. ಎದ್ದು ಹೋಗಬೇಕೆನಿಸಿದಾಗ ನನ್ನ ಕಡೆ ಒಮ್ಮೆ ನೋಡು, ಸಾಕು. "ನಂಗೆ ಅರ್ಜೆಂಟು, ಹುಡುಗಿ ಜೊತೇಗೆ ಬರ್ಲಿ" ಅಂತ ನಾನೇ ಎದ್ದು ನಿಲ್ಲುತ್ತೇನೆ. ಗಂಡಿನ ತಾಯಿ ಎದ್ದರೆ ಛತ್ರದಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಬೀಗಿತ್ತಿಯ ಗತ್ತು ನನಗೆ ಸಿಗುವುದು ಆ ಒಂದು ದಿನ. ಅದನ್ನು ಇದಕ್ಕೇ ಖರ್ಚು ಮಾಡೋಣ.

ಇಂತಿ ನಿನ್ನ ಅತ್ತೆಯಾಗುವವಳು,
ಸತ್ಯಭಾಮಾ